ಹೊಸ ರಿಂಗ್ ಹಾಕಿಸಿದ ಮೇಲೂ ಆಯಿಲ್ ತಿನ್ನುವ ಇಂಜಿನ್

ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನ ಕಂಪನಿಗಳ ಗೇಟಿನ ಹೊರಗೆ ನಿಂತ ಕಾರುಗಳ ನಂಬರ್ ಪ್ಲೇಟ್ ನೋಡುತ್ತ ಹೋದರೆ ಜಿಎ ನಡುನಡುವೆ ಕೆಎ-22, 25, 28, 29, 30 ಸಿಗುತ್ತವೆ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಕಾರವಾರದ ಗಾಡಿಗಳು. ವಾರವೆಲ್ಲ ಜುವಾರಿನಗರದಿಂದಲೋ ಮಡಗಾಂವದಿಂದಲೋ ಕಂಪನಿಗೆ ಹೋಗಿ ಬರುವ ಸಣ್ಣ ಓಡಾಟ. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಘಟ್ಟ ಹತ್ತಿ ಊರಿಗೆ. ಹತ್ತು-ಹದಿನೈದು ವರ್ಷ ಹೀಗೆ ಓಡಿದ ಗಾಡಿಗೆ ಒಂದು ದಿನ ಇಂಜಿನ್ ಕೆಲಸ ಬಂದೇ ಬರುತ್ತದೆ. ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಿ ತರುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೆರೆ ಮುಟ್ಟಿರುತ್ತದೆ.

ಕೆಲಸ ಮಾಡಿದ ಮಿಸ್ತ್ರಿ ಹೇಳುವುದು ಒಂದೇ ಮಾತು: "ಹೊಸಾ ರಿಂಗ್ ಅದಾವ್ರಿ, ಇನ್ನೂ ಸೆಟ್ ಆಗ್ಬೇಕು, ಓಡಸ್ರಿ." ಬೇರೆ ಗ್ಯಾರೇಜಿಗೆ ಹೋದರೆ ಬಾನೆಟ್ ತೆಗೆಯುವ ಮೊದಲೇ, "ಮತ್ತ ಬಿಚ್ಚಬೇಕಾಗ್ತದ" ಎಂಬ ತೀರ್ಪು. ಮೊದಲನೆಯವರ ಮಾತು ಕೆಲವೊಮ್ಮೆ ನಿಜ, ಎರಡನೆಯವರದ್ದೂ ಕೆಲವೊಮ್ಮೆ ನಿಜ. ಆದರೆ ಇಬ್ಬರೂ ಏನನ್ನೂ ಅಳೆದು ಹೇಳಿದ್ದಲ್ಲ. ಆಯಿಲ್ ಇಂಜಿನ್ನಿಂದ ಹೊರಹೋಗಲು ಇರುವ ದಾರಿಗಳು ಬೆರಳೆಣಿಕೆಯವು. ಯಾವ ದಾರಿ ಎಂದು ಬಹುಮಟ್ಟಿಗೆ ಹೆಡ್ ಇಳಿಸದೆಯೇ ಪತ್ತೆ ಹಚ್ಚಬಹುದು.

ಮೊದಲು ಲೆಕ್ಕ

"ತುಂಬಾ ಆಯಿಲ್ ತಿನ್ನುತ್ತದೆ" ಅಂದರೆ ಎಷ್ಟು? ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಮೇಲಿನ ಗೆರೆಯವರೆಗೆ ಆಯಿಲ್ ತುಂಬಿ. ಕಿ.ಮೀ. ಬರೆದಿಡಿ. ಸಾವಿರ ಕಿ.ಮೀ. ಆದಮೇಲೆ ಅದೇ ಜಾಗದಲ್ಲಿ, ಅದೇ ರೀತಿ ನಿಲ್ಲಿಸಿ, ಅಳತೆಯಿರುವ ಬಾಟಲಿಯಿಂದ ಮತ್ತೆ ಅದೇ ಗೆರೆಗೆ ತನ್ನಿ. ಹಾಕಿದ ಮಿಲಿಲೀಟರೇ ಉತ್ತರ. ಬಹಳಷ್ಟು ಕಾರುಗಳಲ್ಲಿ ಎರಡು ಗೆರೆಗಳ ನಡುವಿನ ಅಂತರ ಮುಕ್ಕಾಲರಿಂದ ಒಂದು ಲೀಟರ್. ಕಡ್ಡಿ ನೋಡಿ ಅಂದಾಜು ಮಾಡಲು ಹೋದರೆ ಕಾಲು ಲೀಟರಿನ ಎಡವಟ್ಟು ಸುಲಭ. ಗೆರೆ ದಾಟಿ ಹೆಚ್ಚು ಹಾಕುವುದೂ ತಪ್ಪು. ಚೇಂಬರಿನಲ್ಲಿ ಮಟ್ಟ ಏರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಹೆಚ್ಚಿನದೆಲ್ಲ ಬ್ರೀದರ್ ಪೈಪಿನಲ್ಲಿ ಹೊರಟು ಹೋಗುತ್ತದೆ. "ಮೇಲೊಂದಿಷ್ಟು ಇರಲಿ" ಎಂದು ಹಾಕುವವರ ಇಂಜಿನ್ ಯಾವಾಗಲೂ ಆಯಿಲ್ ತಿನ್ನುತ್ತಲೇ ಇರುತ್ತದೆ.

ಕೆಲವು ಯುರೋಪಿಯನ್ ಕಂಪನಿಗಳ ಕೈಪಿಡಿಗಳು ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಖರ್ಚನ್ನೂ ಒಪ್ಪುತ್ತವೆ. ಸಣ್ಣ ಪೆಟ್ರೋಲ್ ಇಂಜಿನ್ನಿಗೆ ಅದು ಉದಾರವಾಯಿತು. ಸರಿಯಾಗಿ ಕಟ್ಟಿದ 800 ಸಿಸಿ, 1000 ಸಿಸಿ ಇಂಜಿನ್ ರನ್ನಿಂಗ್ (ಹೊಸ ರಿಂಗ್ ಹೊಂದಿಕೊಳ್ಳುವ ಮೊದಲ ಓಟ) ಮುಗಿದ ಮೇಲೆ ಸಾವಿರಕ್ಕೆ 200 ಮಿ.ಲೀ. ಒಳಗೆ ಇದ್ದರೆ ನಾನಂತೂ ಅದನ್ನು ಮುಟ್ಟುವುದಿಲ್ಲ. 500 ದಾಟಿದರೆ ಕಾರಣ ಹುಡುಕಲೇಬೇಕು. ನಡುವಿನದ್ದಕ್ಕೆ ಕಣ್ಣಿಟ್ಟಿರಬೇಕು.

ವೆರ್ಣಾ ಕಡೆಯವರಿಗೆ ಹೆಚ್ಚಾಗಿ ಮೋಸ ಮಾಡುವ ಸಂಗತಿ ಒಂದಿದೆ. ಹತ್ತು ಕಿ.ಮೀ. ಒಳಗಿನ ದಿನನಿತ್ಯದ ಓಡಾಟದಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಸುಡದೆ ಉಳಿದ ಪೆಟ್ರೋಲಿನ ಅಂಶ, ಪೆಟ್ರೋಲ್ ಉರಿಯುವಾಗ ಹುಟ್ಟುವ ತೇವ, ಎರಡೂ ಆಯಿಲ್‌ನಲ್ಲಿ ಸೇರುತ್ತವೆ. ಆಯಿಲ್ ಕಡಿಮೆಯಾಗುತ್ತಿದ್ದರೂ ಕಡ್ಡಿಯ ಮೇಲಿನ ಮಟ್ಟ ಹಾಗೇ ಕಾಣುತ್ತದೆ. ಶನಿವಾರ ಹುಬ್ಬಳ್ಳಿಗೆ ಹೊರಟು ಎರಡು ತಾಸು ಇಂಜಿನ್ ಕಾದರೆ ಆ ಪೆಟ್ರೋಲು, ನೀರು ಆವಿಯಾಗಿ ಹೋಗಿ ಮಟ್ಟ ದಬಕ್ಕನೆ ಇಳಿಯುತ್ತದೆ. "ಒಂದೇ ಟ್ರಿಪ್ಪಿಗೆ ಅರ್ಧ ಲೀಟರ್ ತಿಂತು" ಎಂಬ ಗಾಬರಿ ಹುಟ್ಟುವುದು ಹೀಗೆ. ನಿಜದಲ್ಲಿ ಅದು ತಿಂಗಳಿಡೀ ಹೋದ ಆಯಿಲ್. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೋಳೆ ಕಂಡರೂ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಕೂಡಲೇ ತೀರ್ಮಾನಿಸಬೇಡಿ. ರೇಡಿಯೇಟರ್ ನೀರಿನ ಮಟ್ಟ ಇಳಿಯದೆ, ಡಿಪ್‌ಸ್ಟಿಕ್‌ನ ತುದಿಯಲ್ಲಿ ಆಯಿಲ್ ಸ್ವಚ್ಛವಾಗಿದ್ದರೆ ಅದು ಸಣ್ಣ ಓಡಾಟದ ತೇವ ಅಷ್ಟೇ. ಹೀಗಾಗಿ ಲೆಕ್ಕ ಇಡುವ ಸಾವಿರ ಕಿ.ಮೀ.ನಲ್ಲಿ ಕನಿಷ್ಠ ಒಂದು ದೂರದ ಪ್ರಯಾಣ ಇರಲಿ, ಎರಡೂ ಅಳತೆ ಅಂಥ ಪ್ರಯಾಣ ಮುಗಿದ ಮೇಲೇ ಆಗಲಿ.

ಹೊಗೆ ಯಾವಾಗ ಬರುತ್ತದೆ?

ಆಯಿಲ್ ಸುಟ್ಟರೆ ನೀಲಿ ಹೊಗೆ. ಇದು ಎಲ್ಲರಿಗೂ ಗೊತ್ತು. ಹೊಗೆ ಬರುತ್ತದೆಯೋ ಇಲ್ಲವೋ ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಬರುತ್ತದೆ ಎನ್ನುವುದು ಹೆಚ್ಚು ಮುಖ್ಯ. ಇದಕ್ಕೆ ನಮ್ಮ ಘಟ್ಟಗಳಿಗಿಂತ ಒಳ್ಳೆಯ ಪರೀಕ್ಷಾ ಜಾಗ ಬೇರೆ ಇಲ್ಲ.

ಪೆಟ್ರೋಲ್ ಗಾಡಿಯಲ್ಲಿ ಅನಮೋಡದಿಂದ ಮೊಲೆಂ ಕಡೆಗೆ ಇಳಿಯುತ್ತಿದ್ದೀರಿ, ಅಥವಾ ಕಾರವಾರದಿಂದ ಬರುವಾಗ ಕಾಣಕೋಣ ದಾಟಿ ಕರ್ಮಲ್ ಘಾಟ್ ಇಳಿಯುತ್ತಿದ್ದೀರಿ ಎನ್ನಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಂಜಿನ್ ಬ್ರೇಕಿನ ಮೇಲೆ ಬಿಡಿ. ಥ್ರಾಟಲ್ ಮುಚ್ಚಿರುವುದರಿಂದ ಒಳಹರಿವಿನ ಮ್ಯಾನಿಫೋಲ್ಡಿನಲ್ಲಿ ಎಳೆತ ಜೋರಾಗುತ್ತದೆ. ವಾಲ್ವ್ ಗೈಡ್ ಸವೆದಿದ್ದರೆ, ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ ಆ ಎಳೆತಕ್ಕೆ ಹೆಡ್ ಮೇಲಿನ ಆಯಿಲ್ ವಾಲ್ವ್ ಕಾಂಡದ ಗುಂಟ ಒಳಗಿಳಿಯುತ್ತದೆ. ಇಳಿಜಾರು ಮುಗಿದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಮೋಡ ಏಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಿಳಿಯಾಗುತ್ತದೆ. ಇದು ವಾಲ್ವ್ ಸೀಲಿನ ಸಹಿ. ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಆದಾಗ ಒಂದು ಬಾರಿ ಬುಸ್ಸೆಂದು ಹೊಗೆ ಬಿಟ್ಟು ಸರಿಹೋದರೂ ಅದೇ ಸಂಶಯ. ಟ್ರಾಫಿಕ್ಕಿನಲ್ಲಿ ಐದು ನಿಮಿಷ ನಿಂತು ಹೊರಡುವಾಗ ಹೊಗೆ ಬಂದರೂ ಅದೇ.

ಇದಕ್ಕೆ ಬದಲು ಮೊಲೆಂನಿಂದ ಮೇಲೆ ಹತ್ತುವಾಗ, ಲೋಡ್ ಬಿದ್ದು ಇಂಜಿನ್ ತಿಣುಕುವಾಗ, ಹತ್ತುವಷ್ಟು ಹೊತ್ತೂ ಹೊಗೆ ಬರುತ್ತಿದ್ದರೆ ಕೈ ತೋರಬೇಕಾದದ್ದು ರಿಂಗಿನ ಕಡೆಗೆ. ಇಳಿಯುವಾಗಿನ ಎಳೆತಕ್ಕೆ ಸವೆದ ರಿಂಗಿನ ಮೂಲಕವೂ ಆಯಿಲ್ ಮೇಲೇರುತ್ತದೆ, ಆದ್ದರಿಂದ ಇಳಿಜಾರಿನ ಹೊಗೆಯೊಂದರಿಂದಲೇ ತೀರ್ಪು ಕೊಡುವ ಹಾಗಿಲ್ಲ. ಹತ್ತುವಾಗ ಸ್ವಚ್ಛ, ಇಳಿದ ಮೇಲೆ ಮಾತ್ರ ಹೊಗೆ ಎಂದಾದರೆ ಹೆಡ್ ಕಡೆಗೆ ತಕ್ಕಡಿ ವಾಲುತ್ತದೆ. ಡ್ರೈವರಿಗೆ ಕನ್ನಡಿಯಲ್ಲಿ ಇದೆಲ್ಲ ಸರಿಯಾಗಿ ಕಾಣುವುದಿಲ್ಲ. ಹಿಂದೆ ಇನ್ನೊಂದು ಗಾಡಿಯಲ್ಲಿ ಗೆಳೆಯರೊಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಬರಲಿ. ಡೀಸೆಲ್ ಗಾಡಿಗೆ ಈ ಪರೀಕ್ಷೆ ನಡೆಯದು. ಪೆಟ್ರೋಲ್ ಇಂಜಿನ್ನಿನ ಹಾಗೆ ಅದರ ಒಳಹರಿವನ್ನು ಥ್ರಾಟಲ್ ಮುಚ್ಚಿ ಕಟ್ಟುವುದಿಲ್ಲವಾದ್ದರಿಂದ ಅಷ್ಟು ಎಳೆತವೇ ಹುಟ್ಟುವುದಿಲ್ಲ.

ಹೊಗೆ ಕಾಣದಿದ್ದರೆ ಆಯಿಲ್ ಸುಡುತ್ತಿಲ್ಲ ಎಂದೇನೂ ಅಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿರುವ ಗಾಡಿ ನಿಧಾನವಾಗಿ ಸುಡುವ ಆಯಿಲನ್ನು ಹೊಗೆಯಿಲ್ಲದಂತೆ ಮುಚ್ಚಿಡಬಲ್ಲದು. ಪಿಯುಸಿ ಪಾಸಾಯಿತು ಎಂಬ ಸಮಾಧಾನವೂ ಬೇಡ, ಆ ಪರೀಕ್ಷೆ ನಡೆಯುವುದು ಗಾಡಿ ನಿಂತಲ್ಲೇ, ಲೋಡ್ ಇಲ್ಲದೆ.

ಸೋರಿಕೆ, ಬ್ರೀದರ್, ಪ್ಲಗ್

ಸುಡುವುದಕ್ಕಿಂತ ಮೊದಲು ಸೋರಿಕೆ ನೋಡಿ. ರಾತ್ರಿ ಕೆಳಗೆ ರಟ್ಟು ಹಾಸುವುದು ಹಳೆಯ ಉಪಾಯ, ಆದರೆ ಇಂಜಿನ್ ಓಡುವಾಗ ಮಾತ್ರ ಸೋರುವ ಆಯಿಲ್ ರಟ್ಟಿನ ಮೇಲೆ ಬೀಳುವುದಿಲ್ಲ, ಗಾಳಿಗೆ ಹಾರಿ ಗಾಡಿಯ ಹೊಟ್ಟೆಗೆ ಬಳಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಗೋವಾದ ರಸ್ತೆಯ ನೀರು ಆ ಗುರುತನ್ನೂ ತೊಳೆದುಬಿಡುತ್ತದೆ. ಇಂಜಿನ್ ತೊಳೆಸಿ, ಪೂರ್ತಿ ಒಣಗಿಸಿ, ಸಂಶಯದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ ಇಪ್ಪತ್ತು ಕಿ.ಮೀ. ಓಡಿಸಿ ಬನ್ನಿ. ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆ ಎಂದು ಮೇಲಿನಿಂದ ಕೆಳಗೆ ನೋಡಿ. ಇಂಜಿನ್ನೂ ಗೇರ್ ಬಾಕ್ಸೂ ಕೂಡುವಲ್ಲಿ ಆಯಿಲ್ ಕಂಡರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಎಂದು ಗೇರ್ ಬಾಕ್ಸ್ ಇಳಿಸುವವರಿದ್ದಾರೆ. ಎಷ್ಟೋ ಸಲ ಅದು ಟ್ಯಾಪೆಟ್ ಕವರ್ ಪ್ಯಾಕಿಂಗಿನಿಂದ ಇಂಜಿನ್ನಿನ ಬೆನ್ನಿನ ಮೇಲೆ ಹರಿದು ಬಂದ ಆಯಿಲ್ ಆಗಿರುತ್ತದೆ.

ಎಲ್ಲ ಸೀಲ್ ಹೊಸದಾಗಿದ್ದೂ ಎಲ್ಲ ಕಡೆ ಜಿನುಗುತ್ತಿದ್ದರೆ ಬ್ರೀದರ್ ಕಟ್ಟಿದೆಯೇ ನೋಡಿ. ರಿಂಗ್ ದಾಟಿ ಕೆಳಗಿಳಿಯುವ ಅಷ್ಟಿಷ್ಟು ಗ್ಯಾಸನ್ನು ಪಿಸಿವಿ ವಾಲ್ವ್ ಮ್ಯಾನಿಫೋಲ್ಡಿಗೆ ಎಳೆದುಕೊಳ್ಳಬೇಕು. ಅದು ಮುಚ್ಚಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ ಸೀಲುಗಳ ಮೂಲಕ ಹೊರಬರುತ್ತದೆ. ತೆರೆದೇ ಉಳಿದರೆ ಆಯಿಲನ್ನೇ ಎಳೆದು ಸುಡುತ್ತದೆ. ಇಂಜಿನ್ ಸಣ್ಣಗೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಮೆಲ್ಲಗೆ ಒಳಗೆ ಎಳೆದುಕೊಂಡರೆ ಸರಿಯಿದೆ. ಹಾಳೆ ಪಟಪಟನೆ ಮೇಲೇಳುತ್ತಿದ್ದರೆ ವಾಲ್ವ್ ಕಟ್ಟಿದೆ, ಇಲ್ಲವೇ ರಿಂಗ್ ಗ್ಯಾಸ್ ಬಿಡುತ್ತಿದೆ. ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಟಕಟಕ ಸದ್ದು ಬರಬೇಕು. ಇಂಜಿನ್ ಕೆಲಸದಲ್ಲಿ ಟ್ಯಾಪೆಟ್ ಕವರ್ ಬದಲಾಗಿದ್ದರೆ ಅದರೊಳಗಿನ ತಗಡಿನ ತಡೆಹಲಗೆ ಇದೆಯೇ ಎಂದೂ ಕೇಳಿ. ಅದಿಲ್ಲದಿದ್ದರೆ ಕ್ಯಾಮ್ ಎರಚುವ ಆಯಿಲ್ ನೇರ ಪೈಪಿಗೆ ಬೀಳುತ್ತದೆ. ಇಡೀ ಇಂಜಿನ್ ಮತ್ತೆ ಬಿಚ್ಚಿಸುವುದರ ಮುಂದೆ ಪಿಸಿವಿ ವಾಲ್ವಿನ ಖರ್ಚು ಲೆಕ್ಕಕ್ಕೇ ಬಾರದು. ಆದರೂ ಅದನ್ನು ಕಡೆಗೆ ನೋಡುವುದೇ ನಮ್ಮಲ್ಲಿ ರೂಢಿ.

ಇನ್ನು ಪ್ಲಗ್. ಬಿಚ್ಚಿದ ಕ್ರಮದಲ್ಲೇ 1, 2, 3, 4 ಎಂದು ಪೇಪರಿನ ಮೇಲೆ ಜೋಡಿಸಿ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗಿದೆ. ಬೆರಳಿಗೆ ಜಿಡ್ಡು ಹತ್ತುವ ಹೊಳಪಿನ ಕಪ್ಪು ಎಂದರೆ ಆಯಿಲ್. ಒದ್ದೆ ಪೆಟ್ರೋಲೇ ಆಗಿದ್ದರೆ ವಾಸನೆ ಬಂದು ನಿಮಿಷದಲ್ಲಿ ಆರಿಹೋಗುತ್ತದೆ, ಆಯಿಲ್ ಆರುವುದಿಲ್ಲ. ನಾಲ್ಕರಲ್ಲಿ ಒಂದೇ ಪ್ಲಗ್ ಜಿಡ್ಡಾಗಿದ್ದರೆ ಅದು ಒಳ್ಳೆಯ ಸುದ್ದಿ: ಆ ಒಂದು ಸಿಲಿಂಡರಿನಲ್ಲಿ ಜೋಡಣೆಯ ತಪ್ಪಾಗಿದೆ, ಒಂದು ರಿಂಗೋ ಒಂದು ಸೀಲೋ. ನಾಲ್ಕೂ ಒಂದೇ ಸಮ ಜಿಡ್ಡಾದರೆ ಹೋನಿಂಗ್ (ಸಿಲಿಂಡರ್ ಗೋಡೆಗೆ ಕಲ್ಲಿನಿಂದ ಸಣ್ಣ ಗೀರು ಹಾಕುವ ಕೆಲಸ), ರನ್ನಿಂಗ್ ಅಥವಾ ಬ್ರೀದರ್. ಈಗ ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಸಿಗುತ್ತದೆ, ಪ್ಲಗ್ಗಿನ ತೂತಿನಿಂದ ಇಳಿಸಿ ಪಿಸ್ಟನ್ ತಲೆ ನೋಡಿ. ನಡುವೆ ಕಾರ್ಬನ್ ಇದ್ದು ಸುತ್ತಲ ಅಂಚು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಆಯಿಲ್ ರಿಂಗಿನ ಕಡೆಯಿಂದ ಮೇಲೇರುತ್ತಿದೆ.

ಕಂಪ್ರೆಷನ್ ಚೆನ್ನಾಗಿದೆಯಲ್ಲ?

ಇದು ಗ್ಯಾರೇಜಿನ ಬ್ರಹ್ಮಾಸ್ತ್ರ. ಗೇಜ್ ಹಾಕಿ ತೋರಿಸುತ್ತಾರೆ: ನಾಲ್ಕೂ ಸಿಲಿಂಡರ್ 180 ಪಿಎಸ್‌ಐ. "ರಿಂಗ್ ಬೆಂಕಿ ಹಾಂಗ ಅದಾವು." ಆದರೆ ಪಿಸ್ಟನ್ನಿಗೆ ಇರುವುದು ಮೂರು ರಿಂಗ್. ಕಂಪ್ರೆಷನ್ ಹಿಡಿಯುವುದು ಮೇಲಿನೆರಡು. ಆಯಿಲ್ ಗೋರಿ ಕೆಳಗೆ ಕಳಿಸುವುದು ಮುಖ್ಯವಾಗಿ ಮೂರನೆಯದಾದ ಆಯಿಲ್ ರಿಂಗ್, ಅದರ ಬಗ್ಗೆ ಗೇಜ್ ಏನೂ ಹೇಳುವುದಿಲ್ಲ. ಹೇಳಿದರೂ ಉಲ್ಟಾ ಹೇಳುತ್ತದೆ, ಯಾಕೆಂದರೆ ಗೋಡೆಯ ಮೇಲೆ ಉಳಿದ ಹೆಚ್ಚಿನ ಆಯಿಲ್ ಸಂದುಗಳನ್ನು ಮುಚ್ಚಿ ಗೇಜಿನ ಮುಳ್ಳನ್ನು ಇನ್ನಷ್ಟು ಮೇಲೇರಿಸುತ್ತದೆ. ಕಂಪ್ರೆಷನ್ ಪೂರ್ತಿ, ಪ್ಲಗ್ ಜಿಡ್ಡು ಎಂದಾದರೆ ಆಯಿಲ್ ರಿಂಗ್ ಅಥವಾ ವಾಲ್ವ್ ಗೈಡ್ ಎಂದೇ ತಿಳಿಯಿರಿ.

ಪರೀಕ್ಷೆ ಮಾಡುವುದಾದರೆ ಇಂಜಿನ್ ಬಿಸಿಯಿರಲಿ, ಎಲ್ಲ ಪ್ಲಗ್ ತೆಗೆದಿರಲಿ, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಸಂಪರ್ಕ ತಪ್ಪಿಸಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ, ಬ್ಯಾಟರಿ ಗಟ್ಟಿಯಿರಲಿ. ಸಿಲಿಂಡರುಗಳ ನಡುವೆ ನೂರಕ್ಕೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಇದಕ್ಕಿಂತ ನಂಬುವಂಥದ್ದು ಲೀಕ್‌ಡೌನ್. ಪಿಸ್ಟನ್ ಮೇಲಿನ ತುದಿಗೆ ತಂದು ಕಂಪ್ರೆಸರಿನಿಂದ 100 ಪಿಎಸ್‌ಐ ಗಾಳಿ ಕೊಟ್ಟು ಎಷ್ಟು ಸೋರುತ್ತದೆ ಎಂದು ಎರಡನೇ ಗೇಜಿನಲ್ಲಿ ನೋಡುವುದು. ನೂರಕ್ಕೆ ಹತ್ತರೊಳಗೆ ಇದ್ದರೆ ಒಳ್ಳೆಯದು, ಇಪ್ಪತ್ತು ದಾಟಿದರೆ ಕೆಲಸವಿದೆ. ಸದ್ದಿಗೆ ಕಿವಿಗೊಡಿ. ಆಯಿಲ್ ಮುಚ್ಚಳದಲ್ಲಿ ಬುಸುಗುಟ್ಟಿದರೆ ರಿಂಗ್, ಸೈಲೆನ್ಸರಿನಲ್ಲಾದರೆ ಹೊರವಾಲ್ವ್, ಏರ್ ಫಿಲ್ಟರ್ ಕಡೆಯಾದರೆ ಒಳವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ದೋಷ ವಾಲ್ವ್ ಸೀಲ್ ಎಂದು ಖಚಿತವಾದರೆ ಹೆಡ್ ಇಳಿಸುವುದು ಎಲ್ಲ ಇಂಜಿನ್ನಿಗೂ ಅನಿವಾರ್ಯವಲ್ಲ. ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ, ಅಥವಾ ಸಿಲಿಂಡರಿಗೆ ಹಗ್ಗ ತುರುಕಿ ಪಿಸ್ಟನ್ ಏರಿಸಿ ವಾಲ್ವ್ ಬೀಳದಂತೆ ಹಿಡಿದು, ಮೇಲಿನಿಂದಲೇ ಸ್ಪ್ರಿಂಗ್ ಬಿಚ್ಚಿ ಸೀಲ್ ಬದಲಿಸುವ ಪಳಗಿದ ಮಿಸ್ತ್ರಿಗಳಿದ್ದಾರೆ. ಆದರೆ ವಾಲ್ವ್ ಕಾಂಡ ಗೈಡಿನಲ್ಲಿ ಕೈಗೆ ಗೊತ್ತಾಗುವಷ್ಟು ಅಲ್ಲಾಡುತ್ತಿದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳದು, ಗೈಡೂ ಬದಲಾಗಬೇಕು. ರಿಂಗ್ ಹೊಸದು, ಹೆಡ್ ಹಳೆಯದು ಎಂಬ ಅರ್ಧ ಕೆಲಸದಲ್ಲಿ ಇದು ಸಾಮಾನ್ಯ. ಕೆಳಗೆ ಬಿಗಿಯಾದಷ್ಟೂ ಮ್ಯಾನಿಫೋಲ್ಡಿನ ಎಳೆತ ಹೆಚ್ಚಿ ಹಳೆ ಗೈಡಿನಿಂದ ಆಯಿಲ್ ಇನ್ನಷ್ಟು ಇಳಿಯುತ್ತದೆ.

ಕಟ್ಟುವಾಗಲೇ ಆದ ತಪ್ಪು

ಮೂರನೇ ರಿಂಗ್ ಎಂದೆನಲ್ಲ, ಅದು ಸಾಮಾನ್ಯವಾಗಿ ಮೂರು ತುಂಡಿನದು: ಕೂದಲೆಳೆಯಷ್ಟು ತೆಳುವಾದ ಎರಡು ಪಟ್ಟಿ, ನಡುವೆ ಸುಕ್ಕುಸುಕ್ಕಾದ ಸ್ಪ್ರಿಂಗ್. ಆ ಸ್ಪ್ರಿಂಗಿನ ಎರಡು ತುದಿ ಒಂದಕ್ಕೊಂದು ತಾಗಿ ನಿಲ್ಲಬೇಕು. ಕೂಡಿಸುವ ಅವಸರದಲ್ಲಿ ಒಂದರ ಮೇಲೊಂದು ಹತ್ತಿ ಕೂತರೆ ಪಟ್ಟಿಗಳಿಗೆ ಗೋಡೆಯ ಮೇಲೆ ಒತ್ತುವ ಬಲವೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿ, ಕಂಪ್ರೆಷನ್ನೂ ಸರಿ, ಆಯಿಲ್ ಮಾತ್ರ ಮೊದಲ ದಿನದಿಂದಲೇ ಹೋಗುತ್ತದೆ. ಎಷ್ಟು ಓಡಿಸಿದರೂ ಇದು 'ಸೆಟ್' ಆಗುವುದಿಲ್ಲ. ಎರಡನೇ ರಿಂಗಿನ ಮೇಲ್ಮೈಗೆ ಇಳಿಜಾರು ಇರುತ್ತದೆ. ಚುಕ್ಕಿಯೋ ಅಕ್ಷರವೋ ಇರುವ ಮೈ ಮೇಲಕ್ಕೆ ಬರಬೇಕು. ತಲೆಕೆಳಗಾಗಿ ಕೂತರೆ ಗೋರುವ ಬದಲು ಆಯಿಲನ್ನು ಮೇಲೆತ್ತುತ್ತದೆ. 0.50 ಮಿ.ಮೀ. ಹಿಗ್ಗಿಸಿದ ಬೋರಿಗೆ 0.25 ಹಿಗ್ಗಿನ ರಿಂಗ್ ಬಿದ್ದ ಪ್ರಕರಣಗಳೂ ಉಂಟು. ರಿಂಗನ್ನು ಸಿಲಿಂಡರಿಗೆ ಇಳಿಸಿ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆದಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು. ಪ್ರತಿ 25 ಮಿ.ಮೀ. ಬೋರಿಗೆ 0.1 ಮಿ.ಮೀ. ಎಂಬುದು ಅಂದಾಜಿನ ಲೆಕ್ಕ. ಹಳೆ ಮಾರುತಿ 800ರ 68.5 ಮಿ.ಮೀ. ಬೋರಿಗೆ 0.27 ಆಸುಪಾಸು. ಕಡೆಯ ಮಾತು ಕಂಪನಿಯ ಪುಸ್ತಕದ್ದು.

ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸುವುದು ಬ್ಲಾಕ್ ತೊಳೆಯುವುದನ್ನು. ಹೋನಿಂಗ್ ಕಲ್ಲು ಬಿಟ್ಟುಹೋದ ಪುಡಿ ಗೋಡೆಯ ಗೀರುಗಳಲ್ಲಿ ಕೂತಿರುತ್ತದೆ. ಸೀಮೆಎಣ್ಣೆ, ಪೆಟ್ರೋಲಿನಿಂದ ಅದು ಹೋಗುವುದಿಲ್ಲ, ಇನ್ನಷ್ಟು ಒಳಗೆ ಇಳಿಯುತ್ತದೆ. ಬಿಸಿನೀರು, ಸೋಪು, ಬ್ರಷ್, ಇವೇ ಆಗಬೇಕು. ತೊಳೆದ ಮೇಲೆ ಬಿಳಿ ಬಟ್ಟೆಗೆ ಸ್ವಲ್ಪ ಆಯಿಲ್ ಹಚ್ಚಿ ಒರೆಸಿದರೆ ಬೂದು ಬಣ್ಣ ಹತ್ತಬಾರದು. ಹತ್ತಿದರೆ ಮತ್ತೆ ತೊಳೆಯಬೇಕು. ಆ ಪುಡಿಯೊಂದಿಗೆ ಸ್ಟಾರ್ಟ್ ಆದ ಇಂಜಿನ್ನಿನಲ್ಲಿ ಹೊಸ ರಿಂಗ್ ಮೊದಲ ಕೆಲವು ನೂರು ಕಿ.ಮೀ.ನಲ್ಲೇ ಮುಪ್ಪಾಗುತ್ತದೆ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಸಡಿಲ ಬಿಟ್ಟರೂ ಅದೇ ಗತಿ. ವೆರ್ಣಾದ ಜಂಬಿಟ್ಟಿಗೆ ನೆಲದ ಕೆಂಪು ಧೂಳು ಫಿಲ್ಟರ್ ದಾಟಿದೆಯೇ ಎಂದು ನೋಡಲು ಫಿಲ್ಟರಿನ ಆಚೆಯ ಪೈಪಿನೊಳಗೆ ಬೆರಳಾಡಿಸಿದರೆ ಸಾಕು.

ವೆರ್ಣಾದ ಮಷೀನ್ ಶಾಪುಗಳಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗ ತಪ್ಪಿದರೆ ಪಾರ್ಟ್ ರಿಜೆಕ್ಟ್ ಮಾಡುವವರು, ತಮ್ಮ ಕಾರು ಲೇತಿಗೆ ಹೋದಾಗ ಒಂದು ಚೀಟಿಯನ್ನೂ ಕೇಳುವುದಿಲ್ಲ! ಪ್ರತಿ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಎರಡು ದಿಕ್ಕಿನ ಬೋರ್ ಅಳತೆ, ಪಿಸ್ಟನ್ ಅಳತೆ, ರಿಂಗ್ ಬಾಯಿಯ ಸಂದು. ಬೋರ್ ಗೇಜ್ ಇರುವ ಲೇತಿನವರಿಗೆ ಇದು ಅರ್ಧ ತಾಸಿನ ಕೆಲಸ. ಬರೆದುಕೊಡಲು ಒಲ್ಲೆ ಎನ್ನುವಲ್ಲಿ ಕೆಲಸ ಕೊಡಬೇಡಿ.

ಡೀಸೆಲ್ಲಿಗೆ ಒಂದು ಮಾತು

ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ, ಪುಂಟೋಗಳಲ್ಲೆಲ್ಲ ಬಂದ 1248 ಸಿಸಿ ಡೀಸೆಲ್ ಇಂಜಿನ್ ಆಯಿಲ್ ತಿಂದರೆ ರಿಂಗಿಗಿಂತ ಮೊದಲು ಟರ್ಬೊ ನೋಡಿ. ಇಂಟರ್‌ಕೂಲರ್ ಪೈಪ್ ಬಿಚ್ಚಿದಾಗ ಒಳಗೆ ತೆಳು ಪಸೆ ಇರುವುದು ಸಹಜ. ಆಯಿಲ್ ಮಡುಗಟ್ಟಿ ನಿಂತಿರುವುದು ಸಹಜವಲ್ಲ. ಹಾಗೆಂದು ಟರ್ಬೊ ಹೋಗಿಯೇ ಬಿಟ್ಟಿದೆ ಎನ್ನಲಾಗದು. ಇಂಜಿನ್ ಕೂಡಿಸುವಾಗ ಹೆಚ್ಚಾಗಿ ಬಳಿದ ಸಿಲಿಕಾನ್ ಪೇಸ್ಟ್ ಟರ್ಬೊದಿಂದ ಕೆಳಗಿಳಿಯುವ ಆಯಿಲ್ ಪೈಪಿನ ಬಾಯಿ ಮುಚ್ಚಿದ್ದರೂ ಇದೇ ಲಕ್ಷಣ. ಮಡುಗಟ್ಟಿದ ಆಯಿಲನ್ನು ಹಾಗೇ ಬಿಟ್ಟು ಓಡಿಸಬೇಡಿ. ಡೀಸೆಲ್ ಇಂಜಿನ್ ಅದನ್ನೇ ಇಂಧನವಾಗಿ ಎಳೆದುಕೊಂಡು, ಕೀ ತೆಗೆದರೂ ನಿಲ್ಲದೆ ಓಡಬಹುದು.

'ಸೆಟ್ ಆಗುವುದು' ಎಂದರೆ

ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳಲು ಬೇಕಾದದ್ದು ಉರಿಯುವ ಗ್ಯಾಸಿನ ಒತ್ತಡ. ಅದು ರಿಂಗಿನ ಹಿಂದೆ ನುಗ್ಗಿ ಗೋಡೆಗೆ ಒತ್ತಿದಾಗಲೇ ಹೋನಿಂಗಿನ ಅಡ್ಡಗೀರುಗಳ ಮೇಲೆ ರಿಂಗ್ ಮಸೆದು ಕೂರುತ್ತದೆ. "ಹೊಸ ಇಂಜಿನ್, ಸಾವಿರ ಕಿ.ಮೀ. ನಲವತ್ತು ದಾಟಬೇಡಿ" ಎಂಬ ಉಪದೇಶ ಪಾಲಿಸಿ, ಎಸಿ ಹಾಕಿಕೊಂಡು ನಿಂತಲ್ಲೇ ಇಂಜಿನ್ ಓಡಿಸುತ್ತ, ಕಂಪನಿಗೆ ಮಾತ್ರ ಮೆಲ್ಲಗೆ ಹೋಗಿ ಬಂದರೆ ಗೋಡೆ ಗಾಜಿನಂತೆ ನುಣುಪಾಗಿಬಿಡುತ್ತದೆ. ಆಮೇಲೆ ಯಾವ ಡಬ್ಬಿಯ ಔಷಧಿ ಸುರಿದರೂ ಪ್ರಯೋಜನವಿಲ್ಲ, ಮತ್ತೆ ಹೋನಿಂಗ್, ಮತ್ತೆ ಹೊಸ ರಿಂಗ್.

ಸರಿಯಾದ ಕ್ರಮ ಬೇರೆ. ಇಂಜಿನ್ ಬಿಸಿಯಾದ ಮೇಲೆ ಹೆದ್ದಾರಿ 66ರಲ್ಲಿ ಕುಠ್ಠಾಳಿಯಿಂದ ವೆರ್ಣಾ ಕಡೆಗೆ ಏರುವ ದಾರಿಯಂಥಲ್ಲಿ ಮುಕ್ಕಾಲು ಆಕ್ಸಿಲರೇಟರ್ ಕೊಟ್ಟು ವೇಗ ಏರಿಸಿ, ಮತ್ತೆ ಕಾಲು ತೆಗೆದು ಗೇರಿನಲ್ಲೇ ನಿಧಾನಿಸಿ. ಹೀಗೆ ಹತ್ತಾರು ಸಲ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು ಬೇಡ, ಮೇಲಿನ ಗೇರಿನಲ್ಲಿ ತಿಣುಕಿಸುವುದೂ ಬೇಡ. ಮೊದಲಿಗೆ ದುಬಾರಿ ಸಿಂಥೆಟಿಕ್ ಬೇಡ, ಸಾದಾ ಮಿನರಲ್ ಆಯಿಲ್ ಇರಲಿ ಎಂಬುದು ಹೆಚ್ಚಿನ ಅನುಭವಿಗಳ ಮಾತು, ಅದರಲ್ಲಿ ಅರ್ಥವಿದೆ.

500 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ, ಹಳೆ ಫಿಲ್ಟರನ್ನು ಕೊಯ್ದು ಮಡಿಕೆಗಳಲ್ಲಿ ಲೋಹದ ಚೂರು ಇದೆಯೇ ನೋಡಿ. ಮೊದಲ ಎರಡು ಸಾವಿರ ಕಿ.ಮೀ.ನಲ್ಲಿ ಆಯಿಲ್ ಖರ್ಚು ಪ್ರತಿ ಸಲ ಅಳೆದಾಗಲೂ ಇಳಿಯುತ್ತ ಬಂದರೆ "ಓಡಸ್ರಿ" ಎಂದ ಮಿಸ್ತ್ರಿ ಹೇಳಿದ್ದು ಸರಿ. ಮೂರು ಸಾವಿರವಾದರೂ ಅಂಕಿ ಕದಲದಿದ್ದರೆ ಪ್ಲಗ್ಗಿನ ಫೋಟೊ, ಲೀಕ್‌ಡೌನ್ ಅಂಕಿ, ಘಟ್ಟದ ವಿಡಿಯೋ, ಲೇತಿನ ಚೀಟಿ ಹಿಡಿದು ಅದೇ ಗ್ಯಾರೇಜಿಗೆ ಹೋಗಿ, ಯಾವ ಸಿಲಿಂಡರ್ ಬಿಚ್ಚಬೇಕೆಂದು ಅಲ್ಲೇ ಕೂತು ಮಾತಾಡಿ.